ಪರಿಹಾರ ಘೋಷಣೆಯಾಗುವ ಮೊದಲೇ ಪಟ್ಟಿಯಲ್ಲಿ ಹೆಸರಿರಲಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ದುಡಿಯುವವರಿಗೊಂದು ಮಾರ್ಗದರ್ಶಿ

2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಕೋವಿಡ್ ಲಾಕ್‌ಡೌನ್ ಪರಿಹಾರ ಘೋಷಿಸಿತು. ಕ್ಷೌರಿಕರು, ಮಡಿವಾಳರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟಿದ್ದ 2,000ದ ಮೇಲೆ ಇನ್ನೂ 3,000. ಚಾಲಕರು 7.75 ಲಕ್ಷ ಮಂದಿ ಎಂದು ಆಗ ಲೆಕ್ಕ ಹೇಳಲಾಗಿತ್ತು. ಕೊನೆಗೆ ಹಣ ಮುಟ್ಟಿದ್ದು ಅದರ ಅರ್ಧಕ್ಕಿಂತಲೂ ಕಡಿಮೆ ಜನರಿಗೆ. ಒಬ್ಬರಿಗೆ ಲೈಸೆನ್ಸ್ ಇತ್ತು, ಬ್ಯಾಡ್ಜ್ ಇರಲಿಲ್ಲ. ಇನ್ನೊಬ್ಬರ ಗಾಡಿ ಬೇರೆಯವರ ಹೆಸರಿನಲ್ಲಿತ್ತು. ಮತ್ತೊಬ್ಬರ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ.

ನಮ್ಮ ಮೂರು ಜಿಲ್ಲೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಇಳಕಲ್, ಗುಳೇದಗುಡ್ಡ, ರಬಕವಿ–ಬನಹಟ್ಟಿಯ ಎಷ್ಟೋ ಮಗ್ಗದವರು ಮಾಲಕರಿಂದ ನೂಲು ತಂದು ಮಜೂರಿಗೆ ನೇಯುತ್ತಾರೆ. ಮುಧೋಳ, ಅಥಣಿ, ಚಿಕ್ಕೋಡಿ ಭಾಗದಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಹೊಲದಿಂದ ಹೊಲಕ್ಕೆ ಹೋಗುತ್ತವೆ. ವಿಜಯಪುರದ ತಾಂಡಾಗಳಿಂದ ಗೋವಾ, ಮಹಾರಾಷ್ಟ್ರ, ಮಂಗಳೂರಿಗೆ ಸಂಸಾರ ಸಮೇತ ದುಡಿಯಲು ಹೋಗುತ್ತಾರೆ. ಇವರಿಗೆ ಪಗಾರ ಚೀಟಿ ಇಲ್ಲ, ಹಾಜರಿ ಪುಸ್ತಕ ಇಲ್ಲ. ಊರಿಗೆಲ್ಲ ಗೊತ್ತಿರುವ ದುಡಿಮೆ ಕಡತದಲ್ಲಿ ಎಲ್ಲೂ ಇರುವುದಿಲ್ಲ. ಮಹಾಮಾರಿಯ ಹೊತ್ತಿನಲ್ಲಿ ಮನೆಮನೆಗೆ ಬಂದು ಎಣಿಸಲು ಯಾರಿಗೂ ಸಾಧ್ಯವಿಲ್ಲ; ಸರ್ಕಾರ ಅದಾಗಲೇ ಕೈಯಲ್ಲಿರುವ ಪಟ್ಟಿ ನೋಡಿ ಹಣ ಹಾಕುತ್ತದೆ. ಅದಕ್ಕೇ ಈ ಕೆಲಸಗಳನ್ನು ಆರಾಮಿನ ದಿನಗಳಲ್ಲೇ ಮುಗಿಸಿಕೊಳ್ಳಬೇಕು. ಹೆಚ್ಚು ಅಗತ್ಯವಾದದ್ದನ್ನು ಮೊದಲು ಬರೆದಿದ್ದೇನೆ.

1. ಬ್ಯಾಂಕ್ ಖಾತೆ ಸರಿ ಮಾಡಿಕೊಳ್ಳಿ

2020ರ ಏಪ್ರಿಲ್‌ನಿಂದ ಮೂರು ತಿಂಗಳು ಮಹಿಳೆಯರ ಜನಧನ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬಂತು. ಬ್ಯಾಂಕಿನ ಮುಂದೆ ಗದ್ದಲವಾಗಬಾರದೆಂದು ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಹಂಚಿದ್ದರು. ಖಾತೆ ಚಾಲ್ತಿಯಲ್ಲಿದ್ದವರಿಗೆ ಏನೂ ಅರ್ಜಿ ಹಾಕದೆ ಹಣ ಬಂತು. ವರ್ಷಗಟ್ಟಲೆ ವ್ಯವಹಾರವಿಲ್ಲದೆ ಖಾತೆ ಮಲಗಿದ್ದರೆ ಮೊದಲು ಅದನ್ನು ಎಬ್ಬಿಸುವುದೇ ಒಂದು ಕೆಲಸ. ಆರು ತಿಂಗಳಿಗೊಮ್ಮೆಯಾದರೂ ನೂರು ರೂಪಾಯಿ ಹಾಕಿ, ತೆಗೆಯಿರಿ.

ಆಧಾರ್ ವಿಷಯದಲ್ಲಿ ಬಹಳ ಮಂದಿ ಎಡವುವುದು ಇಲ್ಲಿ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೀರಿ ಎಂದರೆ ಸರ್ಕಾರದ ಹಣ ಆ ಖಾತೆಗೇ ಬರುತ್ತದೆ ಎಂದಲ್ಲ. ನೇರ ನಗದು ವರ್ಗಾವಣೆ (ಡಿಬಿಟಿ) ಬರುವುದು ನಿಮ್ಮ ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಒಂದೇ ಒಂದು ಖಾತೆಗೆ. ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೂ ಹಣ ಬೀಳುವುದು ಒಂದರಲ್ಲೇ. ಗೋವಾದಲ್ಲೋ ಕೊಲ್ಹಾಪುರದಲ್ಲೋ ದುಡಿಯುವಾಗ ಅಲ್ಲಿ ತೆರೆದ ಖಾತೆಗೆ ಜೋಡಣೆ ಆಗಿದ್ದರೆ ಊರಿನ ಪಾಸ್‌ಬುಕ್ ಎಷ್ಟು ಸಲ ಹಚ್ಚಿಸಿದರೂ ಏನೂ ಕಾಣುವುದಿಲ್ಲ. ಗೃಹಲಕ್ಷ್ಮಿ ಹಣಕ್ಕಾಗಿ 2023ರಲ್ಲಿ ಅಲೆದಾಡಿದ ಅಕ್ಕಂದಿರಿಗೆ ಇದು ಚೆನ್ನಾಗಿ ಗೊತ್ತು. ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಬಹುದು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಎಷ್ಟು ಹಣ ಯಾವ ಖಾತೆಗೆ ಹೋಗಿದೆ ಎಂಬುದೂ ಸಿಗುತ್ತದೆ. ಮೊಬೈಲ್ ರೂಢಿಯಿಲ್ಲದಿದ್ದರೆ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ.

ಆಧಾರ್‌ಗೆ ಈಗ ನಿಮ್ಮ ಕೈಯಲ್ಲಿರುವ ಮೊಬೈಲ್ ನಂಬರ್ ಜೋಡಿಸಿರಬೇಕು. ಹಳೆಯ ಸಿಮ್ ಕಳೆದುಹೋಗಿದ್ದರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಆನ್‌ಲೈನ್ ಅರ್ಜಿ ಮುಂದೆ ಸಾಗುವುದಿಲ್ಲ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ತರ ಇರಲಿ. ಒಂದರಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು, ಮತ್ತೊಂದರಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮ ಕಡೆ ಸಾಮಾನ್ಯ. ಕಂಪ್ಯೂಟರಿಗೆ ಅವರು ಮೂವರು ಬೇರೆ ಬೇರೆ ಮನುಷ್ಯರು.

ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇದ್ದವರು ಇನ್ನೊಂದು ಕೆಲಸ ಮಾಡಬೇಕು. 2025ರ ಮೇ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ವಿಲೀನವಾಗಿ ಒಂದೇ ಬ್ಯಾಂಕಾಗಿದೆ. ಪಾಸ್‌ಬುಕ್, ಐಎಫ್‌ಎಸ್‌ಸಿ ಸಂಖ್ಯೆ, ಆಧಾರ್ ಜೋಡಣೆ ಮೂರನ್ನೂ ಶಾಖೆಯಲ್ಲಿ ಒಮ್ಮೆ ಖಾತರಿ ಮಾಡಿಕೊಳ್ಳಿ.

2. ರೇಷನ್ ಕಾರ್ಡಿನಲ್ಲಿ ಮನೆಯ ಪ್ರತಿಯೊಬ್ಬರೂ ಇರಲಿ

ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆಯಲ್ಲಿ ತಲೆಗೆ 5 ಕೆ.ಜಿ. ಹೆಚ್ಚುವರಿ ಧಾನ್ಯ 2020ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಮತ್ತೆ 2021ರ ಮೇಯಿಂದ 2022ರ ಡಿಸೆಂಬರ್‌ವರೆಗೆ ಉಚಿತವಾಗಿ ಸಿಕ್ಕಿತು. ಲೆಕ್ಕ ಮನೆಗಲ್ಲ, ತಲೆಗೆ. ಮದುವೆಯಾಗಿ ಬಂದ ಸೊಸೆ, ಹುಟ್ಟಿದ ಮಗು ಕಾರ್ಡಿಗೆ ಸೇರದಿದ್ದರೆ ಆ ಮನೆಗೆ ತಿಂಗಳಿಗೆ 10 ಕೆ.ಜಿ. ಖೋತಾ. ಸೊಸೆಯ ಹೆಸರು ತವರಿನ ಕಾರ್ಡಿನಿಂದ ತೆಗೆಸದೆ ಇಲ್ಲಿ ಸೇರುವುದಿಲ್ಲ, ಹಾಗಾಗಿ ಅದನ್ನು ಮೊದಲು ಮಾಡಿಸಿ. ಎಲ್ಲ ಸದಸ್ಯರ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಾತರಿ) ಮುಗಿದಿದೆಯೇ ಎಂದು ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ.

ದುಡಿಯಲು ಹೊರಗೆ ಹೋಗುವವರು ಕಾರ್ಡಿನ ಸಂಖ್ಯೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳಿ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಬೆರಳು ಒತ್ತಿ ಬೇರೆ ಊರಿನಲ್ಲೂ, ಬೇರೆ ರಾಜ್ಯದಲ್ಲೂ ಧಾನ್ಯ ಪಡೆಯಬಹುದು. ತೂಕದಲ್ಲಿ ಮೋಸ, ಹಣ ಕೇಳುವುದು ಕಂಡರೆ 1967ಕ್ಕೆ ಕರೆ ಮಾಡಿ.

3. ನಿಮ್ಮ ಕಸುಬಿಗೆ ಸರ್ಕಾರಿ ಗುರುತು ಮಾಡಿಸಿ

ಇದು ಎಲ್ಲಕ್ಕಿಂತ ಹೆಚ್ಚು ಜನ ಕಡೆಗಣಿಸುವ, ಕಡೆಗಣಿಸಿದರೆ ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವ ಹೆಜ್ಜೆ. ಹಾಗಾಗಿ ಕಸುಬುವಾರು ಬರೆಯುತ್ತೇನೆ.

ಕೈಮಗ್ಗದವರು: 2020ರ ನೇಕಾರ ಸಮ್ಮಾನ್ ಯೋಜನೆಯ ಹಣ ಹೋದದ್ದು ಕೈಮಗ್ಗ ಗಣತಿಯಲ್ಲಿ ಹೆಸರಿದ್ದ ಸುಮಾರು 54,000 ನೇಕಾರರ ಲೆಕ್ಕದ ಮೇಲೆ. ಮುಂದಿನ ವರ್ಷಗಳಲ್ಲಿ ಮೊತ್ತ 5,000ಕ್ಕೆ ಏರಿತು. ಗಣತಿಯವರು ಬಂದ ದಿನ ಮನೆಯಲ್ಲಿ ಇರದವರು, ಗುಳೇದಗುಡ್ಡ ಖಣವನ್ನೋ ಇಳಕಲ್ ಸೀರೆಯನ್ನೋ ತಲೆತಲಾಂತರದಿಂದ ನೇಯ್ದವರಾದರೂ, ಆ ಲೆಕ್ಕದ ಹೊರಗೆ ಉಳಿದರು. ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಗೆ ಹೋಗಿ ನೇಕಾರರ ಗುರುತಿನ ಚೀಟಿ ಇದೆಯೇ, ಅದಕ್ಕೆ ಯಾವ ಖಾತೆ ಜೋಡಿಸಿದೆ ಎಂದು ಕೇಳಿ. ಗಂಡ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಚೀಟಿ ಗಂಡನಿಗೆ ಮಾತ್ರ ಇರುವ ಮನೆಗಳೇ ಹೆಚ್ಚು. ಸುತ್ತುವುದೂ ನೇಕಾರಿಕೆಯ ಕೆಲಸವೇ, ಅವಳ ಹೆಸರನ್ನೂ ಬರೆಸಲು ಕೇಳಿ.

ವಿದ್ಯುತ್ ಮಗ್ಗದವರು: ರಬಕವಿ–ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಬೆಳಗಾವಿಯ ವಡಗಾವಿ, ಖಾಸಬಾಗದ ಕಡೆ ಕಷ್ಟ ಬೇರೆ ತರಹದ್ದು. 2020ರಲ್ಲಿ ಈ ಕಾರ್ಮಿಕರಿಗೆ 2,000, 2021ರ ಜೂನ್ ಘೋಷಣೆಯಲ್ಲಿ ಒಂದು ಮಗ್ಗಕ್ಕೆ ಇಬ್ಬರಂತೆ ತಲಾ 3,000 ರೂಪಾಯಿ ಇತ್ತು. ಆದರೆ ಹೆಸ್ಕಾಂ ವಿದ್ಯುತ್ ಬಿಲ್ಲು, ಘಟಕದ ನೋಂದಣಿ ಎಲ್ಲವೂ ಮಾಲಕರ ಹೆಸರಿನಲ್ಲಿರುತ್ತದೆ. ಮಾಲಕರು ಒಪ್ಪಿ ಹೆಸರು ಬರೆದುಕೊಟ್ಟರೆ ಮಾತ್ರ ಕೂಲಿಯವನು ಪಟ್ಟಿಗೆ ಬರುತ್ತಾನೆ. ಈಗಲೇ ಮಾಲಕರಿಂದ ಒಂದು ಚೀಟಿ ಬರೆಸಿಕೊಳ್ಳಿ: ಯಾವ ವರ್ಷದಿಂದ ದುಡಿಯುತ್ತಿದ್ದೀರಿ, ಎಷ್ಟು ಮಗ್ಗ ನೋಡಿಕೊಳ್ಳುತ್ತೀರಿ, ಘಟಕದ ನೋಂದಣಿ ಸಂಖ್ಯೆ, ಸಹಿ, ದಿನಾಂಕ. ಮಜೂರಿ ಬರೆಯುವ ಸಣ್ಣ ಪುಸ್ತಕ ಇದ್ದರೆ ಎಸೆಯಬೇಡಿ.

ಗವಂಡಿ, ಬಾರ್ ಬೆಂಡಿಂಗ್, ಪೇಂಟಿಂಗ್, ಕಲ್ಲು ಒಡೆಯುವವರು: ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. 2020ರಲ್ಲಿ ಒಟ್ಟು 5,000, 2021ರಲ್ಲಿ 3,000 ರೂಪಾಯಿ ಬಂದದ್ದು ಈ ಕಾರ್ಡಿನವರಿಗೇ. ಅವಧಿ ಮುಗಿಯುವ ಮೊದಲು ನವೀಕರಿಸಿ. ಕಟ್ಟಡ ಕೆಲಸ ಮಾಡದವರೂ ಏಜೆಂಟರ ಮಾತು ಕೇಳಿ ಈ ಕಾರ್ಡ್ ಮಾಡಿಸಿದ್ದಾರೆ. ಅದರಿಂದ ತನಿಖೆ ಬಿಗಿಯಾಗಿ, ನಿಜವಾದ ಗವಂಡಿಗಳ ಅರ್ಜಿಯೂ ತಡವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಹಮಾಲರು, ದರ್ಜಿಗಳು, ಮೆಕ್ಯಾನಿಕ್‌ಗಳು, ಕಮ್ಮಾರ, ಕುಂಬಾರ, ಅಕ್ಕಸಾಲಿಗರು, ಮಡಿವಾಳರು, ಕ್ಷೌರಿಕರು, ಚಿಂದಿ ಆಯುವವರು, ಮನೆಗೆಲಸದವರು: 2021ರ ಮೇ 19ರ 1,250 ಕೋಟಿಯ ಪ್ಯಾಕೇಜಿನಲ್ಲಿ ನಿಮಗೆ ತಲಾ 2,000 ರೂಪಾಯಿ ಇತ್ತು. ಅರ್ಜಿ ರಾಜ್ಯ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ. ಈ ಕಸುಬು ನಿಮ್ಮದೇ ಎಂದು ಸ್ಥಳೀಯ ಅಧಿಕಾರಿ ಸಹಿ ಮಾಡಿದ ಪತ್ರ ಇಲ್ಲದವರು ಲಾಕ್‌ಡೌನ್‌ನಲ್ಲಿ ಮುಚ್ಚಿದ ಕಚೇರಿಗಳ ಮುಂದೆ ನಿಲ್ಲಬೇಕಾಯಿತು. ಕಾರ್ಮಿಕ ಇಲಾಖೆಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಕಾರ್ಡಿಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ಇದರ ಜೊತೆಗೆ ಇ-ಶ್ರಮ್ ನೋಂದಣಿ ಎಲ್ಲ ಅಸಂಘಟಿತ ಕಾರ್ಮಿಕರಿಗೂ ಇದೆ. 2021ರ ಆಗಸ್ಟ್ 26ರಂದು ಶುರುವಾದದ್ದು, ವಯಸ್ಸು 16ರಿಂದ 59, ಪಿಎಫ್ ಅಥವಾ ಇಎಸ್‌ಐ ಇರುವವರಿಗೆ ಇಲ್ಲ. ಅದರಲ್ಲಿ ಕಸುಬು ನಮೂದಿಸುವಾಗ ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ಎಲ್ಲರನ್ನೂ ‘ಕೃಷಿ ಕೂಲಿ’ ಎಂದು ಹಾಕಿಬಿಡುತ್ತಾನೆ. ಎದುರಿಗೇ ಕುಳಿತು ಓದಿಸಿ ಕೇಳಿ.

ಬೀದಿ ಬದಿ ವ್ಯಾಪಾರಿಗಳು: ಪಿಎಂ ಸ್ವನಿಧಿ 2020ರ ಜೂನ್ 1ರಂದು 10,000 ರೂಪಾಯಿಯ ಸಾಲದೊಂದಿಗೆ ಶುರುವಾಯಿತು. 2025ರಲ್ಲಿ ಪರಿಷ್ಕರಣೆಯಾಗಿ ಮೊದಲ ಕಂತು 15,000, ಅದನ್ನು ತೀರಿಸಿದ ಮೇಲೆ 25,000, ನಂತರ 50,000 ಎಂದಾಗಿದೆ; ಅವಧಿ 2030ರ ಮಾರ್ಚ್ 31ರವರೆಗೆ. ಸಮಯಕ್ಕೆ ಕಟ್ಟಿದವರಿಗೆ ಶೇ 7ರ ಬಡ್ಡಿ ಸಹಾಯಧನ ಖಾತೆಗೆ ಬರುತ್ತದೆ. ಹಳ್ಳಿಯವರಿಗೂ ಇದು ಅನ್ವಯಿಸುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ಸುತ್ತಲ ಊರುಗಳಿಂದ ದಿನವೂ ಗೋಕಾಕ, ಜಮಖಂಡಿ, ಇಂಡಿ ಪೇಟೆಗೆ ಬುಟ್ಟಿ ಹೊತ್ತು ಬಂದು ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳು ಆ ಪಟ್ಟಣದ ಪುರಸಭೆ ಅಥವಾ ನಗರಸಭೆಯಲ್ಲಿ ಶಿಫಾರಸು ಪತ್ರ ಕೇಳಬಹುದು. 2021ರಲ್ಲಿ ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ ಕೊಟ್ಟಾಗಲೂ ಪುರಸಭೆಯ ಪಟ್ಟಿಯಲ್ಲಿ ಇದ್ದವರಿಗೆ ದಾರಿ ಸುಲಭವಾಯಿತು.

4. ಹೊಲದ ಕಾಗದ

ಪಿಎಂ ಕಿಸಾನ್‌ನ 2,000 ರೂಪಾಯಿ ಕಂತು 2020ರ ಏಪ್ರಿಲ್‌ನಲ್ಲಿ ಬೇಗ ಬಂತು. ಗೋವಿನಜೋಳ ಬೆಳೆದವರಿಗೆ ರಾಜ್ಯದಿಂದ 5,000, ಹಣ್ಣು–ತರಕಾರಿಯವರಿಗೆ ಹೆಕ್ಟೇರಿಗೆ 15,000. 2021ರಲ್ಲಿ ಹೂ, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000, ಅದೂ ಒಂದು ಹೆಕ್ಟೇರ್ ಮಿತಿಯೊಳಗೆ. ಈ ಹಣ ಬೀಳಲು ಮೂರು ಸಂಗತಿ ಕೂಡಬೇಕು: ಉತಾರದಲ್ಲಿ (ಪಹಣಿಯಲ್ಲಿ) ನಿಮ್ಮ ಹೆಸರು, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ, ಬೆಳೆ ಸಮೀಕ್ಷೆಯಲ್ಲಿ ಸರಿಯಾದ ಬೆಳೆ.

ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿ ಉತಾರ ಇನ್ನೂ ಅವರ ಹೆಸರಿನಲ್ಲೇ ಇರುವ ಹೊಲಗಳು ಪ್ರತಿ ಊರಿನಲ್ಲೂ ಇವೆ. ಅಣ್ಣತಮ್ಮಂದಿರ ಮನಸ್ತಾಪಕ್ಕೆ ವಾರಸಾ ಹಚ್ಚಿಸುವುದು ಹಾಗೇ ನಿಂತಿರುತ್ತದೆ. ಜಗಳ ಆಮೇಲೂ ಆಡಬಹುದು, ಪೌತಿ ಖಾತೆಗೆ ಅರ್ಜಿಯನ್ನು ಈ ಹಂಗಾಮಿನಲ್ಲೇ ನಾಡಕಚೇರಿಯಲ್ಲಿ ಕೊಡಿ. ಎಲ್ಲರ ಹೆಸರೂ ಜಂಟಿಯಾಗಿ ಬರಲಿ, ಪಾಲು ಮುಂದೆ ನೋಡಿಕೊಳ್ಳಿ.

ಎಫ್‌ಐಡಿ ರೈತ ಸಂಪರ್ಕ ಕೇಂದ್ರದಲ್ಲಿ ಆಗುತ್ತದೆ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿರಬೇಕು. ಹತ್ತಿರದ ಹೊಲ ಸೇರಿಸಿ ಇನ್ನೊಂದು ತಾಲ್ಲೂಕಿನ ಹೊಲ ಬಿಟ್ಟವರಿದ್ದಾರೆ. ಬೆಳೆ ಸಮೀಕ್ಷೆಯನ್ನು 2020ರ ಮುಂಗಾರಿನಿಂದ ರೈತರೇ ಆ್ಯಪ್‌ನಲ್ಲಿ ಮಾಡಲು ಅವಕಾಶವಿದೆ. ನೀವೇ ಮಾಡಿ. ತಿಕೋಟಾ ಕಡೆಯ ದ್ರಾಕ್ಷಿ ತೋಟವನ್ನೋ ಇಂಡಿಯ ನಿಂಬೆ ಗಿಡಗಳನ್ನೋ ‘ತೊಗರಿ’ ಎಂದು ಯಾರೋ ಬರೆದುಕೊಂಡು ಹೋದರೆ ಪರಿಹಾರದ ಹೊತ್ತಿಗೆ ಯಾವ ತಲಾಟಿಯೂ ಅದನ್ನು ರಾತ್ರೋರಾತ್ರಿ ತಿದ್ದಲಾರರು.

ಲಾವಣಿಗೆ (ಗೇಣಿಗೆ) ಹೊಲ ಮಾಡುವವರಿಗೆ ಇಲ್ಲಿ ನ್ಯಾಯ ಸಿಕ್ಕಿಲ್ಲ. ಬೆಳೆ ಹಾಳಾದದ್ದು ಅವರದ್ದು, ಹಣ ಬಂದದ್ದು ಉತಾರದವರಿಗೆ. ಕಾನೂನು ಬದಲಾಗುವವರೆಗೆ ಮಾಡಬಹುದಾದದ್ದು ಒಂದೇ: ಲಾವಣಿ ಮಾತಾಡುವಾಗಲೇ, ಬೆಳೆ ಪರಿಹಾರ ಬಂದರೆ ಯಾರಿಗೆ ಎಷ್ಟು ಎಂಬುದನ್ನು ಬಾಂಡ್ ಪೇಪರಿನಲ್ಲಿ ಬರೆಸಿಕೊಳ್ಳಿ.

5. ಖಾತ್ರಿ ಕೆಲಸ ಮತ್ತು ನಡುವೆ ಬಿದ್ದ ಪಟ್ಟಣಗಳು

2020ರ ಬೇಸಿಗೆಯಲ್ಲಿ ಊರಿಗೆ ಮರಳಿದವರಿಗೆ ಕೈ ಹಿಡಿದದ್ದು ಉದ್ಯೋಗ ಖಾತ್ರಿ. ಆ ಏಪ್ರಿಲ್‌ನಲ್ಲಿ ಕರ್ನಾಟಕದ ದಿನಗೂಲಿ 249ರಿಂದ 275 ರೂಪಾಯಿಗೆ ಏರಿತ್ತು. ಆಗಿನ ಕಾಯ್ದೆಯ ಪ್ರಕಾರ ನಮೂನೆ 6ರಲ್ಲಿ ಕೆಲಸ ಬೇಡಿದ 15 ದಿನದೊಳಗೆ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಕಾಯ್ದೆಯ ಹೆಸರು, ದಿನ, ಕೂಲಿ ಮುಂದೆ ಏನೇ ಆದರೂ ಒಂದು ಮಾತು ನೆನಪಿಡಿ: ಬಾಯಿಮಾತಿನಲ್ಲಿ ಕೇಳಿದ ಕೆಲಸಕ್ಕೆ ಲೆಕ್ಕವಿಲ್ಲ. ‘ಆತ್ರೀ ಯಜಮಾನ್ರ, ನೋಡ್ತೀವಿ’ ಎಂದು ಹೇಳಿ ಕಳಿಸಿದರೆ ಹೊರಡಬೇಡಿ. ‘ಸಾಹೇಬ್ರ, ಅರ್ಜಿ ತಗೊಂಡು ತಾರೀಖ ಹಾಕಿ ರಶೀದಿ ಕೊಡ್ರಿ’ ಎನ್ನಿ. ಆ ರಶೀದಿಯೇ ನಿಮ್ಮ ಹಕ್ಕು.

ವರ್ಷದಲ್ಲಿ ಎಂಟು ತಿಂಗಳು ಹೊರಗಿರುವ ತಾಂಡಾದ ಕುಟುಂಬಗಳ ಉದ್ಯೋಗ ಖಾತ್ರಿ ಕಾರ್ಡುಗಳು ‘ಊರಲ್ಲಿಲ್ಲ’ ಎಂದು ರದ್ದಾಗಿರುವ ಸಾಧ್ಯತೆ ಇದೆ. ಹಬ್ಬಕ್ಕೆ ಊರಿಗೆ ಬಂದಾಗ ಒಮ್ಮೆ ಪಂಚಾಯಿತಿಗೆ ಹೋಗಿ ನೋಡಿಕೊಳ್ಳಿ.

ಸಣ್ಣ ಪಟ್ಟಣದವರ ಗತಿ? ಗುಳೇದಗುಡ್ಡ ಪುರಸಭೆ, ರಬಕವಿ–ಬನಹಟ್ಟಿ ನಗರಸಭೆ. ಅಲ್ಲಿ ಮಗ್ಗ ನಿಂತ ನೇಕಾರ ಖಾತ್ರಿ ಕೆಲಸಕ್ಕೆ ಹೋಗುವಂತಿಲ್ಲ, ಏಕೆಂದರೆ ಅದು ಗ್ರಾಮೀಣರಿಗೆ ಮಾತ್ರ. ಎರಡು ಕಿಲೋಮೀಟರ್ ಆಚೆಯ ಹಳ್ಳಿಯವನಿಗೆ ಸಿಗುವ ಕೆಲಸ ಅವನಿಗಿಲ್ಲ. ಇದು ಯೋಜನೆ ಮಾಡುವವರ ದೊಡ್ಡ ಲೋಪ, ಪಟ್ಟಣದ ಪ್ರತಿನಿಧಿಗಳು ಇದನ್ನು ಮತ್ತೆ ಮತ್ತೆ ಕೇಳಬೇಕು. ಅಲ್ಲಿಯವರೆಗೆ ಪಟ್ಟಣದವರಿಗೆ ಮೇಲಿನ ಮೂರನೆಯ ಹೆಜ್ಜೆಯೇ ಆಸರೆ. ಅದನ್ನು ಹಳ್ಳಿಯವರಿಗಿಂತ ಹೆಚ್ಚು ನಿಷ್ಠೆಯಿಂದ ಮಾಡಿಕೊಳ್ಳಿ.

6. ಸಾಲದ ಕಂತು

2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಮುಂದೂಡುವುದು ಬೇರೆ, ಮನ್ನಾ ಬೇರೆ. ಸಂಘದಿಂದಲೋ ಫೈನಾನ್ಸಿನಿಂದಲೋ ತಂದ ಸಾಲದಲ್ಲಿ 30,000 ಬಾಕಿ ಇದ್ದು ವರ್ಷಕ್ಕೆ ಶೇ 24 ಬಡ್ಡಿ ಎಂದುಕೊಳ್ಳಿ. ತಿಂಗಳಿಗೆ 600ರಂತೆ ಆರು ತಿಂಗಳಿಗೆ 3,600 ರೂಪಾಯಿ ತಲೆ ಮೇಲೆ ಬರುತ್ತದೆ. ಕೈಯಲ್ಲಿ ಹಣ ಇದ್ದರೆ ಕಟ್ಟಿ. ಇಲ್ಲದಿದ್ದರೆ ಮುಂದೂಡಿಕೆಯನ್ನು ಬರಹದಲ್ಲಿ ಕೇಳಿ, ಹೊಸ ಕಂತಿನ ಪಟ್ಟಿ ಪಡೆಯಿರಿ. ಮನೆ ಮುಂದೆ ಬಂದು ಕೂಗಾಡುವುದು, ಸಾಮಾನು ಎತ್ತಿಕೊಂಡು ಹೋಗುವುದು ನಡೆದರೆ ಪೊಲೀಸರಿಗೆ ದೂರು ಕೊಡಿ. 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯಲು ರಾಜ್ಯ ತಂದ, ಆಮೇಲೆ ಕಾಯ್ದೆಯಾದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

7. ಮನೆಯಲ್ಲಿ ಸಾವಾದರೆ

ಬರೆಯಲು ಕಷ್ಟ, ಆದರೆ ಬರೆಯಲೇಬೇಕು. ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ ವಿಪತ್ತು ನಿಧಿಯಿಂದ 50,000, ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯದಿಂದ 1 ಲಕ್ಷ ರೂಪಾಯಿ ನಿಗದಿಯಾಗಿತ್ತು. ಮರಣ ಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲ ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಪರೀಕ್ಷೆಯಲ್ಲಿ ಸೋಂಕು ಕಂಡ 30 ದಿನದೊಳಗಿನ ಸಾವು, ಆಸ್ಪತ್ರೆಯ ಹೊರಗೆ ಆದರೂ, ಲೆಕ್ಕಕ್ಕೆ ಬಂತು. ಆದರೆ ಪರೀಕ್ಷೆಯೇ ಮಾಡಿಸದೆ ಮನೆಯಲ್ಲೇ ಹೋದವರ ಮನೆಯವರ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಆದ್ದರಿಂದ ಪರೀಕ್ಷೆ ತಪ್ಪಿಸಬೇಡಿ. ಪರೀಕ್ಷೆಯ ಚೀಟಿ, ಸ್ಕ್ಯಾನ್, ಔಷಧದ ಬಿಲ್ಲು, ಡಿಸ್ಚಾರ್ಜ್ ಕಾಗದ ಎಲ್ಲದರ ಫೋಟೊ ಮನೆಯ ಇಬ್ಬರ ಫೋನಿನಲ್ಲಿರಲಿ. ತಂದೆತಾಯಿ ಇಬ್ಬರೂ ಹೋದ ಮಕ್ಕಳಿಗೆ ಆಗ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆ ಬಂತು. ಅಂಥ ಮಗು ಊರಿನಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು ನೆರೆಯವರ ಹೊಣೆ.

8. ಘೋಷಣೆಯಾದ ಮೇಲೆ

ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ. ಅರ್ಜಿಯನ್ನು ಸೇವಾ ಸಿಂಧು, ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಇಲಾಖೆಯ ಕಚೇರಿಯಲ್ಲೇ ಹಾಕಿ, ಅರ್ಜಿ ಸಂಖ್ಯೆ ಇರುವ ಪ್ರತಿ ಪಡೆಯಿರಿ. ಬ್ಯಾಂಕ್ ಮಿತ್ರರ ಬಳಿ ಬೆರಳು ಒತ್ತಿದಾಗ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂದರೆ ಅಲ್ಲಿಂದ ಹೋಗುವ ಮೊದಲು, ಹಣ ಕಡಿತವಾಗಿಲ್ಲವೇ ಎಂದು ತಿಳಿಯಲು, ಖಾತೆಯಲ್ಲಿ ಉಳಿದ ಹಣ ತೋರಿಸಲು ಹೇಳಿ. ಅಂಚೆಯಣ್ಣನೂ ಬೆರಳಚ್ಚಿನ ಮೇಲೆ ಮನೆಯಲ್ಲೇ ಹಣ ಕೊಡುತ್ತಾರೆ. ಓಡಾಡಲಾಗದ ಹಿರಿಯರಿಗೆ ಲಾಕ್‌ಡೌನ್‌ನಲ್ಲಿ ಇದು ಬಹಳ ಅನುಕೂಲವಾಯಿತು.

ಅರ್ಜಿ ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214, ರಾಜ್ಯದ ಜನಸ್ಪಂದನ ಸಹಾಯವಾಣಿ 1902. ಅಲ್ಲಿ ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದರಿಂದಲೂ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹೀಗೆ ಕೇಳಿ: ನನ್ನ ಇಂಥ ಸಂಖ್ಯೆಯ ಅರ್ಜಿ ಈಗ ಯಾವ ಅಧಿಕಾರಿಯ ಬಳಿ ಇದೆ? ಅದರ ಮೇಲೆ ಯಾವ ಯಾವ ದಿನ ಏನು ಕ್ರಮವಾಯಿತು? ತಿರಸ್ಕರಿಸಿದ್ದರೆ ಯಾವ ಆದೇಶದ ಯಾವ ಷರತ್ತಿನ ಮೇಲೆ, ಅದರ ದೃಢೀಕೃತ ಪ್ರತಿ ಕೊಡಿ. ಉತ್ತರಕ್ಕೆ 30 ದಿನ ಅವಕಾಶ. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ, ಅದಕ್ಕೆ ಮೂಲ ಅರ್ಜಿಯ ಸ್ವೀಕೃತಿ ಪ್ರತಿ ಲಗತ್ತಿಸಿ.